ಎತ್ತಿದ ಭಾರ ಜೀನ್‌ಗೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನನಗೆ 29 ವರ್ಷ, ಊರು ದಾವಣಗೆರೆ. ಒಂದು ವರ್ಷ ಬಿಡದೆ ಜಿಮ್‌ಗೆ ಹೋಗಿದ್ದೆ. ಕೆಲಸ ಬದಲಾದ ಮೇಲೆ ನಾಲ್ಕು ತಿಂಗಳು ಬಿಟ್ಟುಬಿಟ್ಟೆ. ಭಾರ ಎತ್ತಿದರೆ ಜೀನ್‌ಗಳೇ ಬದಲಾಗುತ್ತವೆ ಎಂದು ನಮ್ಮ ಟ್ರೈನರ್ ಹೇಳುತ್ತಿದ್ದರು. ಇದು ನಿಜವೇ? ನಾನು ಎತ್ತುವ ತೂಕ ಜೀವಕೋಶದ ಒಳಗಿರುವ ಜೀನ್‌ಗೆ ಗೊತ್ತಾಗುವುದಾದರೂ ಹೇಗೆ? ನಾಲ್ಕು ತಿಂಗಳು ಬಿಟ್ಟಿದ್ದಕ್ಕೆ ಎಲ್ಲ ಹೋಯಿತಾ? ನಮ್ಮ ಅಮ್ಮನಿಗೆ 63. ಅವರಿಗೂ ಡಾಕ್ಟರ್ ಭಾರದ ವ್ಯಾಯಾಮ ಮಾಡಿ ಎಂದಿದ್ದಾರೆ. ಆ ವಯಸ್ಸಿನಲ್ಲಿ ಸ್ನಾಯು ಬೆಳೆಯುತ್ತದೆಯೇ?

ಉತ್ತರ: ನಿಮ್ಮ ಟ್ರೈನರ್ ಹೇಳಿದ್ದು ಅರ್ಧ ಸರಿ. ಭಾರ ಎತ್ತಿದರೆ ಡಿಎನ್‌ಎಯಲ್ಲಿರುವ ಅಕ್ಷರಗಳು ಬದಲಾಗುವುದಿಲ್ಲ. ಅಪ್ಪ ಅಮ್ಮನಿಂದ ಬಂದ ಜೀನ್‌ಗಳು ನೀವು ಜಿಮ್ ಸೇರುವ ಮೊದಲು ಹೇಗಿದ್ದವೋ ಇವತ್ತೂ ಹಾಗೇ ಇವೆ. ಬದಲಾಗುವುದು ಅವುಗಳ ಬಳಕೆ. ಪ್ರೋಟೀನ್ ತಯಾರಿಸುವ ಜೀನ್‌ಗಳು ಮನುಷ್ಯರಲ್ಲಿ ಸುಮಾರು 20,000 ಇವೆ. ಲಿವರ್‌ನ ಜೀವಕೋಶದಲ್ಲೂ ಇವೇ, ತೊಡೆಯ ಸ್ನಾಯುವಿನಲ್ಲೂ ಇವೇ. ಯಾವ ಜೀನನ್ನು ಯಾವಾಗ, ಎಷ್ಟು ಓದಬೇಕು ಎನ್ನುವುದಷ್ಟೇ ಬೇರೆ. ಜೀನನ್ನು ಓದಿದಾಗ ಅದರ ಒಂದು ನಕಲು ತಯಾರಾಗುತ್ತದೆ. ಅದೇ ಎಂ-ಆರ್‌ಎನ್‌ಎ. ಅದು ಡಿಎನ್‌ಎ ಇರುವ ನ್ಯೂಕ್ಲಿಯಸ್‌ನಿಂದ ಆಚೆ ಬರುತ್ತದೆ. ರೈಬೋಸೋಮ್‌ಗಳು ಅದನ್ನು ಓದಿ ಪ್ರೋಟೀನ್ ಕಟ್ಟುತ್ತವೆ. ಈ ಇಡೀ ಕೆಲಸಕ್ಕೆ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ಭಾರ ಬಿದ್ದಾಗ ಇದರ ಪ್ರತಿಯೊಂದು ಹಂತದಲ್ಲೂ ಬದಲಾವಣೆ ಆಗುತ್ತದೆ.

ತೂಕ ಜೀನ್‌ಗೆ ಹೇಗೆ ಗೊತ್ತಾಗುತ್ತದೆ ಎನ್ನುವುದು ಬಹಳ ಒಳ್ಳೆಯ ಪ್ರಶ್ನೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಕಡೆಗೆ ಬಂದು ನಿಲ್ಲುವುದು ಇಲ್ಲಿಗೇ. ಇದಕ್ಕೆ ಉತ್ತರ ಹುಡುಕಲು ಬಳಸಿದ ಮುಖ್ಯ ಪ್ರಯೋಗವನ್ನು ಮೊದಲು ಹೇಳುತ್ತೇನೆ.

ನಮ್ಮ ಮೀನಖಂಡದಲ್ಲಿ ಒಂದೇ ಸ್ನಾಯು ಇಲ್ಲ. ಹೊರಗೆ ದಪ್ಪಗೆ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್. ಅದರ ಕೆಳಗೆ ಸೋಲಿಯಸ್, ಜೊತೆಗೆ ಸಣ್ಣದಾದ ಪ್ಲಾಂಟಾರಿಸ್. ಹಿಮ್ಮಡಿ ಎತ್ತುವ ಕೆಲಸವನ್ನು ಇವು ಹಂಚಿಕೊಳ್ಳುತ್ತವೆ. ಇಲಿಗಳಲ್ಲೂ ಇದೇ ವ್ಯವಸ್ಥೆ ಇದೆ. ಪ್ರಯೋಗದಲ್ಲಿ ಇಲಿಯ ಒಂದು ಕಾಲಿನ ಗ್ಯಾಸ್ಟ್ರಾಕ್ನೀಮಿಯಸ್ ಮೂಳೆಗೆ ಕಚ್ಚಿಕೊಂಡಿರುವ ಜಾಗವನ್ನು ಕತ್ತರಿಸುತ್ತಾರೆ. ಆಗ ಅದು ಕೆಲಸ ಮಾಡುವುದಿಲ್ಲ. ಇಲಿ ನಡೆದಾಡಿದ ಹಾಗೆಲ್ಲ ಪೂರ್ತಿ ಭಾರ ಉಳಿದ ಎರಡು ಸ್ನಾಯುಗಳ ಮೇಲೆ ಬೀಳುತ್ತದೆ. ಇದಕ್ಕೆ ಓವರ್‌ಲೋಡ್ ಎನ್ನುತ್ತಾರೆ. ಇನ್ನೊಂದು ಕಾಲು ಹಾಗೇ ಇರುವುದರಿಂದ ಹೋಲಿಸಿ ನೋಡುವುದೂ ಸುಲಭ. 1967ರಲ್ಲಿ ಅಮೆರಿಕದ ಆಲ್ಫ್ರೆಡ್ ಗೋಲ್ಡ್‌ಬರ್ಗ್ ಹೀಗೆ ಮಾಡಿದಾಗ ಒಂದು ವಾರದೊಳಗೇ ಸೋಲಿಯಸ್ ಸುಮಾರು 40%, ಪ್ಲಾಂಟಾರಿಸ್ ಸುಮಾರು 20% ಹೆಚ್ಚು ತೂಗುತ್ತಿದ್ದವು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಪಿಟ್ಯುಟರಿ ಗ್ರಂಥಿ ತೆಗೆದ ಇಲಿಗಳಲ್ಲೂ ಅವರು ಇದನ್ನು ಮಾಡಿ ನೋಡಿದರು. ಆ ಗ್ರಂಥಿ ಇಲ್ಲದಿದ್ದರೆ ಬೆಳವಣಿಗೆಯ ಹಾರ್ಮೋನ್ ಬರುವುದಿಲ್ಲ. ಇಡೀ ಇಲಿಯ ಬೆಳವಣಿಗೆಯೇ ನಿಂತಿರುತ್ತದೆ. ಆದರೂ ಭಾರ ಬಿದ್ದ ಸ್ನಾಯು ಮಾತ್ರ ಬೆಳೆಯಿತು! ಮುಂದೆ ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ, ಇನ್ಸುಲಿನ್ ಇಲ್ಲದಿದ್ದಾಗಲೂ ಅದೇ ಆಯಿತು. ಅಂದರೆ ಭಾರವನ್ನು ಗುರುತಿಸುವುದು ಸ್ನಾಯುವೇ. ರಕ್ತದಲ್ಲಿ ಹಾರ್ಮೋನ್ ಬಂದು ತಿಳಿಸುವ ತನಕ ಅದು ಕಾಯುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ದೊಡ್ಡ ಸ್ನಾಯುಗಳಿಗೆ ಕೆಲಸ ಕೊಟ್ಟರೆ ಟೆಸ್ಟೋಸ್ಟೆರಾನ್ ಏರುತ್ತದೆ, ಅದರಿಂದ ತೋಳೂ ಬೆಳೆಯುತ್ತದೆ ಎಂಬ ನಂಬಿಕೆ ಜಿಮ್‌ಗಳಲ್ಲಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ನೇರವಾಗಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಕೆಲವು ಯುವಕರ ಒಂದು ತೋಳಿಗೆ ಬರೀ ತೋಳಿನ ವ್ಯಾಯಾಮ. ಅವರದೇ ಇನ್ನೊಂದು ತೋಳಿಗೆ ಬೇರೆ ದಿನ ವ್ಯಾಯಾಮ, ಅದರ ಹಿಂದೆಯೇ ಹಾರ್ಮೋನ್ ಏರಿಸುವಷ್ಟು ಕಾಲಿನ ವ್ಯಾಯಾಮ. 15 ವಾರ ಕಳೆದ ಮೇಲೆ ಅಳೆದರೆ ಎರಡೂ ತೋಳು ಒಂದೇ ರೀತಿ ಬೆಳೆದಿದ್ದವು. ವ್ಯಾಯಾಮದ ನಂತರ ಅರ್ಧ ಗಂಟೆ, ಒಂದು ಗಂಟೆ ಏರಿ ಇಳಿಯುವ ಹಾರ್ಮೋನ್‌ಗೆ ಆ ಶಕ್ತಿ ಇಲ್ಲ. ಹೊರಗಿನಿಂದ ಚುಚ್ಚಿಕೊಳ್ಳುವ ಸ್ಟೀರಾಯ್ಡ್ ಮಾತು ಬೇರೆ. ಅದು ಸ್ನಾಯುವನ್ನು ಬೆಳೆಸುತ್ತದೆ, ಹೃದಯವನ್ನೂ ವೃಷಣಗಳನ್ನೂ ಹಾಳು ಮಾಡುತ್ತದೆ. ದಯವಿಟ್ಟು ಆ ಕಡೆ ಹೋಗಬೇಡಿ.

ಸರಿ, ಸ್ನಾಯು ಹೇಗೆ ಗುರುತಿಸುತ್ತದೆ? ಸ್ನಾಯುವಿನ ಒಂದು ಎಳೆ ಎಂದರೆ ಉದ್ದನೆಯ ಒಂದೇ ಜೀವಕೋಶ. ಅದರ ಒಳಗೆ ಎಳೆದು ಸಂಕುಚಿಸುವ ಪ್ರೋಟೀನ್ ಸರಗಳು ಸಾಲಾಗಿ ಜೋಡಿಸಿಕೊಂಡಿವೆ. ಆ ಸರಗಳ ಉದ್ದಕ್ಕೂ ಟೈಟಿನ್ ಎಂಬ ಪ್ರೋಟೀನ್ ಚಾಚಿಕೊಂಡಿರುತ್ತದೆ. ನಮ್ಮ ದೇಹದ ಅತಿ ದೊಡ್ಡ ಪ್ರೋಟೀನ್ ಅದು. ಸ್ನಾಯು ಎಳೆದಾಗ ಟೈಟಿನ್ ಹಿಗ್ಗುತ್ತದೆ. ಅದರ ಒಂದು ತುದಿಯ ಭಾಗ ಬಿಚ್ಚಿಕೊಂಡರೆ ಬೇರೆ ಪ್ರೋಟೀನ್‌ಗಳು ಬಂದು ಅಲ್ಲಿ ಅಂಟಲು, ಅಲ್ಲಿಂದ ನ್ಯೂಕ್ಲಿಯಸ್ ಕಡೆ ಸುದ್ದಿ ಹೋಗಲು ದಾರಿಯಾಗುತ್ತದೆ. ಜೀವಕೋಶದ ಪೊರೆಯಲ್ಲಿ ಇಂಟೆಗ್ರಿನ್ ಎಂಬ ಪ್ರೋಟೀನ್‌ಗಳಿವೆ. ಒಳಗಿನ ಸರಗಳನ್ನು ಹೊರಗಿನ ಕೊಲಾಜನ್ ಜಾಲಕ್ಕೆ ಕಟ್ಟಿಹಾಕಿರುವುದು ಅವೇ. ಬಲ ಬಿದ್ದಾಗ ಎಳೆತ ಅಲ್ಲೂ ಆಗುತ್ತದೆ, ಅಲ್ಲಿರುವ ಫ್ಯಾಕ್ ಎಂಬ ಕಿಣ್ವ ಚುರುಕಾಗುತ್ತದೆ. ನ್ಯೂಕ್ಲಿಯಸ್‌ನ ಹೊದಿಕೆ ಕೂಡ ಇದೇ ಜಾಲಕ್ಕೆ ಕಟ್ಟಿಕೊಂಡಿದೆ. ಹಾಗಾಗಿ ಎಳೆತದ ಒಂದು ಪಾಲು ನೇರವಾಗಿ ನ್ಯೂಕ್ಲಿಯಸ್‌ಗೇ ತಲುಪಿ ಅದರ ಆಕಾರವನ್ನೇ ಸ್ವಲ್ಪ ಬದಲಿಸುತ್ತದೆ. ಇವುಗಳಲ್ಲಿ ಯಾವುದು ಯಜಮಾನ ಎಂಬ ಚರ್ಚೆ ಇನ್ನೂ ನಡೆದಿದೆ. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬನೇ ಯಜಮಾನನನ್ನು ಹುಡುಕುವುದೇ ತಪ್ಪು. ಬಲ ಹಾದುಹೋಗುವ ದಾರಿಯುದ್ದಕ್ಕೂ ಅದನ್ನು ಗುರುತಿಸುವ ಪ್ರೋಟೀನ್‌ಗಳಿವೆ.

ಅಂದರೆ ಜೀನ್‌ಗೆ ಕಿಲೋ ಲೆಕ್ಕ ಗೊತ್ತಿಲ್ಲ. ಗೊತ್ತಾಗುವುದು ಆಯಾ ಎಳೆಯ ಮೇಲೆ ಬಿದ್ದ ಎಳೆತ. ಇದು ನಿಮಗೂ ನಿಮ್ಮ ಅಮ್ಮನಿಗೂ ಉಪಯೋಗಕ್ಕೆ ಬರುವ ಮಾತು. 2012ರಲ್ಲಿ ಅದೇ ಮೆಕ್‌ಮಾಸ್ಟರ್‌ನವರು ಒಂದು ಹೋಲಿಕೆ ಮಾಡಿದರು. ಒಂದೇ ಸಲ ಎತ್ತಬಹುದಾದ ಗರಿಷ್ಠ ಭಾರದ 80% ಒಂದು ಕಡೆ, ಬರೀ 30% ಇನ್ನೊಂದು ಕಡೆ. ಎರಡನ್ನೂ ಇನ್ನು ಎತ್ತಲು ಆಗದು ಎನ್ನುವ ತನಕ ಮಾಡಿಸಿದರು. 10 ವಾರದ ನಂತರ ತೊಡೆಯ ಸ್ನಾಯುವಿನ ಬೆಳವಣಿಗೆ ಹೆಚ್ಚು ಕಡಿಮೆ ಒಂದೇ. ಕಾರಣ ಸರಳ. ಹಗುರ ಭಾರವನ್ನು ಮೊದಲು ಸಣ್ಣ ಎಳೆಗಳೇ ಎತ್ತುತ್ತವೆ. ಅವು ಸುಸ್ತಾದ ಹಾಗೆ ನರಮಂಡಲ ದೊಡ್ಡ ಎಳೆಗಳನ್ನೂ ಕೆಲಸಕ್ಕೆ ಕರೆಯುತ್ತದೆ. ಕೊನೆಯ ಕೆಲವು ಸಲ ಎತ್ತುವಾಗ ಅವುಗಳ ಮೇಲೂ ಪೂರ್ತಿ ಎಳೆತ ಬೀಳುತ್ತದೆ. ಬಲ ಹೆಚ್ಚಿಸಿಕೊಳ್ಳಬೇಕೆಂದರೆ ಮಾತ್ರ ದೊಡ್ಡ ಭಾರವೇ ಮೇಲು.

ಎಳೆತ ಗುರುತಿಸಿದ ಮೇಲೆ ಸುದ್ದಿ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ನ್ಯೂಕ್ಲಿಯಸ್‌ಗೆ. ಇನ್ನೊಂದು ನ್ಯೂಕ್ಲಿಯಸ್‌ಗೆ ಹೋಗುವುದೇ ಇಲ್ಲ, ನೇರ ಪ್ರೋಟೀನ್ ತಯಾರಿಕೆಗೇ ಹೋಗುತ್ತದೆ. ಈ ಎರಡನೆಯದರ ಮುಖ್ಯ ಕೊಂಡಿ ಎಂಟಾರ್ ಎಂಬ ಕಿಣ್ವ. ಈ ಹೆಸರು ಬಂದಿದ್ದು ರಾಪಾಮೈಸಿನ್ ಔಷಧದಿಂದ. ಪೆಸಿಫಿಕ್ ಸಾಗರದ ರಾಪಾ ನೂಯಿ, ಅಂದರೆ ಈಸ್ಟರ್ ದ್ವೀಪದಿಂದ 1964ರಲ್ಲಿ ತಂದ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಮಾಂಟ್ರಿಯಲ್‌ನಲ್ಲಿ ಸುರೇಂದ್ರನಾಥ್ ಸೆಹ್ಗಲ್ ಮತ್ತು ಅವರ ಸಂಗಡಿಗರು ಅದರಿಂದ ಈ ಔಷಧವನ್ನು ಬೇರ್ಪಡಿಸಿದರು. ರಾಪಾಮೈಸಿನ್ ಹೋಗಿ ತಡೆಯುವ ಕಿಣ್ವಕ್ಕೇ ಎಂಟಾರ್ ಎಂದು ಹೆಸರಾಯಿತು. 2001ರಲ್ಲಿ ಸ್ಯೂ ಬೋಡಿನ್ ತಂಡ ಓವರ್‌ಲೋಡ್ ಮಾಡಿದ ಇಲಿಗಳಿಗೆ ರಾಪಾಮೈಸಿನ್ ಕೊಟ್ಟಿತು. ಪ್ಲಾಂಟಾರಿಸ್ ಬೆಳೆಯುವುದು ಬಹುಪಾಲು ನಿಂತುಹೋಯಿತು. 2009ರಲ್ಲಿ ಮನುಷ್ಯರಿಗೂ ಒಂದು ಡೋಸ್ ಕೊಟ್ಟು ವ್ಯಾಯಾಮ ಮಾಡಿಸಿ ನೋಡಿದರು. ವ್ಯಾಯಾಮದ ನಂತರದ ಮೊದಲ ಗಂಟೆಗಳಲ್ಲಿ ಏರಬೇಕಿದ್ದ ಪ್ರೋಟೀನ್ ತಯಾರಿಕೆ ಏರಲಿಲ್ಲ.

ಎಂಟಾರ್‌ಗೆ ಚಾಲನೆ ಕೊಡುವುದು ಇನ್ಸುಲಿನ್ ಥರದ ಐಜಿಎಫ್-1 ಎಂಬ ಅಂಶ ಎಂದು ಬಹಳ ಕಾಲ ಪಠ್ಯಗಳಲ್ಲಿತ್ತು. ಭಾರ ಬಿದ್ದ ಸ್ನಾಯು ಐಜಿಎಫ್-1 ಜೀನನ್ನು ಜಾಸ್ತಿ ಓದುವುದು ನಿಜ. ಆದರೆ 2008ರಲ್ಲಿ ಒಂದು ಪ್ರಯೋಗ ನಡೆಯಿತು. ಸ್ನಾಯುವಿನಲ್ಲಿ ಐಜಿಎಫ್-1 ಬಂದು ಅಂಟುವ ಪ್ರೋಟೀನ್, ಅಂದರೆ ಅದರ ಗ್ರಾಹಕವೇ ಕೆಲಸ ಮಾಡದ ಇಲಿಗಳನ್ನು ತೆಗೆದುಕೊಂಡರು. ಓವರ್‌ಲೋಡ್ ಆದಾಗ ಅವುಗಳ ಸ್ನಾಯುವೂ ಮಾಮೂಲಿನಂತೆ ಬೆಳೆಯಿತು. ಎಳೆತಕ್ಕೆ ಎಂಟಾರ್ ತನಕ ತನ್ನದೇ ದಾರಿ ಇದೆ. ಗೋಲ್ಡ್‌ಬರ್ಗ್ 1967ರಲ್ಲಿ ಕಂಡಿದ್ದಕ್ಕೂ ಇದಕ್ಕೂ ಪೂರ್ತಿ ಹೊಂದಿಕೆ ಇದೆ, ಅಲ್ವಾ?

ಈಗ ನ್ಯೂಕ್ಲಿಯಸ್ ಕಡೆ ಹೋದ ಸುದ್ದಿಯನ್ನು ನೋಡೋಣ. ಮನುಷ್ಯರಲ್ಲಿ ಇದನ್ನು ನೋಡುವುದು ಬಯಾಪ್ಸಿ ಮಾಡಿ. ತೊಡೆಯ ಹೊರಬದಿಯ ಸ್ನಾಯುವಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಿಂದ ಚೂರೇ ಚೂರು ಸ್ನಾಯು ತೆಗೆಯುತ್ತಾರೆ. ಅಮೆರಿಕದ ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹೀಗೆ ವ್ಯಾಯಾಮಕ್ಕೆ ಮೊದಲು, ಮುಗಿದ ತಕ್ಷಣ, ಆಮೇಲೆ 24 ಗಂಟೆಯವರೆಗೆ ಮತ್ತೆ ಮತ್ತೆ ತೆಗೆದು ನೋಡಿದರು. 2005ರಲ್ಲಿ ಪ್ರಕಟವಾದ ಆ ಕೆಲಸದಿಂದ ಒಂದು ಸ್ಪಷ್ಟ ಚಿತ್ರ ಸಿಕ್ಕಿತು. ಸ್ವಯಂಪ್ರೇರಿತರಾಗಿ ಒಂದೇ ದಿನ ಅಷ್ಟು ಸಲ ಸೂಜಿ ಚುಚ್ಚಿಸಿಕೊಂಡವರಿಗೆ ನಾವು ಋಣಿಗಳಾಗಿರಬೇಕು.

ಮೊಟ್ಟಮೊದಲು ಏಳುವುದು ಸಿ-ಫಾಸ್, ಇಜಿಆರ್-1 ಥರದ ಜೀನ್‌ಗಳು. ಬೇರೆ ಜೀನ್‌ಗಳನ್ನು ಓದಿಸುವ ಪ್ರೋಟೀನ್‌ಗಳನ್ನು ಇವು ತಯಾರಿಸುತ್ತವೆ. ಹೊಸದಾಗಿ ಏನೂ ತಯಾರಾಗುವ ತನಕ ಇವು ಕಾಯಬೇಕಿಲ್ಲ. ಹಾಗಾಗಿ ನಿಮಿಷಗಳಲ್ಲೇ ಏರುತ್ತವೆ, ಕೆಲವೇ ಗಂಟೆಯಲ್ಲಿ ಇಳಿಯುತ್ತವೆ. ಸ್ನಾಯುವಿನ ಬೆಳವಣಿಗೆಯನ್ನು ನಡೆಸುವ ಮಯೋಜೆನಿನ್, ಎಂಆರ್‌ಎಫ್-4 ಇತ್ಯಾದಿ ಆಮೇಲೆ ಬರುತ್ತವೆ. ಶಕ್ತಿ ಉತ್ಪಾದನೆಗೆ ಸೇರಿದ ಕೆಲವು ಜೀನ್‌ಗಳೂ ಆಗಲೇ. ಇವುಗಳಲ್ಲಿ ಹೆಚ್ಚಿನವು 4ರಿಂದ 8 ಗಂಟೆಯ ಹೊತ್ತಿಗೆ ಗರಿಷ್ಠ ಮುಟ್ಟಿ, 24 ಗಂಟೆಯಾಗುವ ಹೊತ್ತಿಗೆ ಬಹುತೇಕ ಮೊದಲಿನ ಮಟ್ಟಕ್ಕೆ ಬಂದಿರುತ್ತವೆ. ಮಯೋಸ್ಟಾಟಿನ್ ಮಾತ್ರ ಉಲ್ಟಾ. ವ್ಯಾಯಾಮದ ನಂತರ ಅದು ಇಳಿಯುತ್ತದೆ. ಸ್ನಾಯು ಮಿತಿ ಮೀರಿ ಬೆಳೆಯದಂತೆ ತಡೆಯುವ ಪ್ರೋಟೀನ್ ಇದು. 1997ರಲ್ಲಿ ಈ ಜೀನನ್ನು ಇಲ್ಲವಾಗಿಸಿದ ಇಲಿಗಳ ಸ್ನಾಯು ಎರಡು ಮೂರು ಪಟ್ಟು ದಪ್ಪವಾಯಿತು. ಬೆಲ್ಜಿಯನ್ ಬ್ಲೂ ತಳಿಯ ದನಗಳ ಫೋಟೋ ನೋಡಿದ್ದರೆ, ಆ ಉಬ್ಬಿದ ಮೈಕಟ್ಟಿಗೆ ಕಾರಣ ಇದೇ ಜೀನ್‌ನಲ್ಲಿರುವ ದೋಷ.

ಇದರಿಂದ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು. ಒಂದು ದಿನದ ವ್ಯಾಯಾಮ ಎಬ್ಬಿಸಿದ ಎಂ-ಆರ್‌ಎನ್‌ಎ ಒಂದು ದಿನದಲ್ಲೇ ಕರಗುತ್ತದೆ. ಅದರಿಂದ ತಯಾರಾದ ಪ್ರೋಟೀನ್ ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತದೆ. ಹಿಂದಿನ ಸಲದ ಪ್ರೋಟೀನ್ ಪೂರ್ತಿ ಕರಗುವ ಮೊದಲು ಮುಂದಿನ ಸಲದ್ದು ಸೇರಿಕೊಂಡರೆ ಸ್ನಾಯು ದಪ್ಪವಾಗುತ್ತದೆ. ಪ್ರೋಟೀನ್ ತಯಾರಿಕೆಯನ್ನೇ ಅಳೆದ 1997ರ ಇನ್ನೊಂದು ಅಧ್ಯಯನದಲ್ಲಿ, ವ್ಯಾಯಾಮದ 3 ಗಂಟೆ ನಂತರ ಅದು ಮಾಮೂಲಿಗಿಂತ 112% ಹೆಚ್ಚಿತ್ತು. 24 ಗಂಟೆಗೆ 65%, 48 ಗಂಟೆಗೆ 34%. ವಾರಕ್ಕೆ ಒಂದೇ ದಿನ ಬಿದ್ದು ಸಾಯುವಷ್ಟು ಮಾಡುವುದಕ್ಕಿಂತ, ಅದೇ ಕೆಲಸವನ್ನು ಎರಡು ಮೂರು ದಿನಕ್ಕೆ ಹಂಚಿ ಎಂದು ನಾನು ಹೇಳುವುದು ಇದಕ್ಕೇ. "ಜೀನ್ ಆಕ್ಟಿವೇಟ್ ಮಾಡುವ" ಪುಡಿ, ಮಾತ್ರೆಗಳ ಜಾಹೀರಾತು ನೋಡಿದರೆ ನನಗೆ ಬೇಸರವಾಗುತ್ತದೆ. ಮೆಟ್ಟಿಲು ಹತ್ತಿದರೂ ನೂರಾರು ಜೀನ್‌ಗಳು ಏರಿಳಿಯುತ್ತವೆ. ಒಂದು ಜೀನ್ ಏರಿತು ಎಂದ ಮಾತ್ರಕ್ಕೆ ಸ್ನಾಯು ಬೆಳೆಯಿತು ಎಂದಲ್ಲ.

ನಡುವೆ ಇನ್ನೊಂದು ಹಂತ ಇದೆ. ಬಹಳ ಜನ ಅದನ್ನು ಮರೆಯುತ್ತಾರೆ, ನನಗೆ ಮಾತ್ರ ಅದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಹೋಟೆಲಿನಲ್ಲಿ ದೋಸೆಗೆ ಎಷ್ಟೇ ಚೀಟಿ ಬಂದು ಬೀಳಲಿ, ಕಾವಲಿ ಒಂದೇ ಇದ್ದರೆ ಗಂಟೆಗೆ ಇಷ್ಟೇ ದೋಸೆ ಆಚೆ ಬರುವುದು. ಎಂ-ಆರ್‌ಎನ್‌ಎ ಚೀಟಿ, ರೈಬೋಸೋಮ್ ಕಾವಲಿ. ಎಂಟಾರ್ ಮೊದಲು ಇರುವ ರೈಬೋಸೋಮ್‌ಗಳನ್ನೇ ಚುರುಕಾಗಿ ದುಡಿಸುತ್ತದೆ. ಓವರ್‌ಲೋಡ್ ಮುಂದುವರಿದರೆ ಸ್ನಾಯು ಹೊಸ ರೈಬೋಸೋಮ್‌ಗಳನ್ನೇ ಕಟ್ಟಲು ಶುರು ಮಾಡುತ್ತದೆ. ಮಿಕ್ ಎಂಬ ಜೀನ್ ಏರುತ್ತದೆ. ರೈಬೋಸೋಮ್‌ಗೆ ಬೇಕಾದ ಆರ್‌ಎನ್‌ಎಯ ಜೀನ್‌ಗಳನ್ನು ಜೋರಾಗಿ ಓದಿಸುವುದರಲ್ಲಿ ಅದರದ್ದು ದೊಡ್ಡ ಪಾತ್ರ. ಸ್ನಾಯುವಿನ ಒಟ್ಟು ಆರ್‌ಎನ್‌ಎಯಲ್ಲಿ 80%ಕ್ಕೂ ಹೆಚ್ಚು ಇರುವುದು ರೈಬೋಸೋಮ್‌ಗೆ ಸೇರಿದ್ದೇ. ಇಲಿಗಳಲ್ಲಿ ಸ್ನಾಯು ಇನ್ನೂ ದಪ್ಪವಾಗುವ ಮೊದಲೇ, ಮೊದಲ ಕೆಲವು ದಿನಗಳಲ್ಲೇ ಈ ಆರ್‌ಎನ್‌ಎ ಹೆಚ್ಚುವುದು ಕಾಣುತ್ತದೆ.

ಮನುಷ್ಯರಲ್ಲೂ ಇದಕ್ಕೆ ಪುರಾವೆ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಯಸ್ಸಾದವರಿಗೆ ನಾಲ್ಕು ವಾರ ಭಾರದ ವ್ಯಾಯಾಮ ಮಾಡಿಸಿದರು. ಸ್ನಾಯು ಚೆನ್ನಾಗಿ ಬೆಳೆದವರಲ್ಲಿ ರೈಬೋಸೋಮ್ ಹೆಚ್ಚಿತ್ತು, ಬೆಳೆಯದವರಲ್ಲಿ ಹೆಚ್ಚಿರಲಿಲ್ಲ. 2020ರಲ್ಲಿ ನಾರ್ವೆಯಿಂದ ಬಂದ ಕೆಲಸ ಇನ್ನೂ ಚೆಂದ. ಒಬ್ಬರದೇ ಎರಡು ಕಾಲು. ಒಂದು ಕಾಲಿಗೆ ಒಂದು ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು), ಇನ್ನೊಂದಕ್ಕೆ ಮೂರು ಸೆಟ್. ಮೂರು ಸೆಟ್ ಮಾಡಿದ ಕಾಲಿನಲ್ಲಿ ಎರಡನೇ ವಾರಕ್ಕೇ ಹೆಚ್ಚು ರೈಬೋಸೋಮ್ ಆರ್‌ಎನ್‌ಎ ಕಂಡಿತು. 12 ವಾರದ ಕೊನೆಗೆ ಸರಾಸರಿ ಅದೇ ಕಾಲು ಜಾಸ್ತಿ ಬೆಳೆದಿತ್ತು. ಒಬ್ಬರೇ ವ್ಯಕ್ತಿ, ಒಂದೇ ಊಟ, ಒಂದೇ ನಿದ್ದೆ, ಒಂದೇ ರಕ್ತ. ವ್ಯತ್ಯಾಸ ಇದ್ದಿದ್ದು ಸೆಟ್‌ಗಳಲ್ಲಿ ಮಾತ್ರ.

ಮೈಕೈ ನೋವಿನ ಬಗ್ಗೆಯೂ ಒಂದು ಮಾತು. ಹೊಸದಾಗಿ ಶುರು ಮಾಡಿದ ಮೊದಲ ವಾರ ಪ್ರೋಟೀನ್ ತಯಾರಿಕೆ ತುಂಬಾ ಏರುತ್ತದೆ. ಆದರೆ ಅದರಲ್ಲಿ ಬಹುಪಾಲು ಖರ್ಚಾಗುವುದು ಹರಿದಿದ್ದನ್ನು ರಿಪೇರಿ ಮಾಡುವುದಕ್ಕೆ. 2016ರ ಒಂದು ಬ್ರೆಜಿಲ್ ಅಧ್ಯಯನದಲ್ಲಿ ಮೊದಲ ವಾರದ ಏರಿಕೆಗೂ ಕೊನೆಯ ಬೆಳವಣಿಗೆಗೂ ಸಂಬಂಧವೇ ಇರಲಿಲ್ಲ. ಮೂರನೇ ವಾರದ ಹೊತ್ತಿಗೆ, ಹಾನಿ ಕಡಿಮೆಯಾದ ಮೇಲೆ, ಸಂಬಂಧ ಕಾಣಿಸಿತು. ಓವರ್‌ಲೋಡ್ ಆದ ಇಲಿಯ ಸ್ನಾಯುವಿನಲ್ಲೂ ಹೀಗೇ. ಮೊದಲ ದಿನಗಳಲ್ಲಿ ಉರಿಯೂತದ ಜೀನ್‌ಗಳದ್ದೇ ಅಬ್ಬರ. ಆ ಪ್ರಯೋಗದ ಮಿತಿಯೂ ಅದೇ. ಅಲ್ಲಿ ಶಸ್ತ್ರಚಿಕಿತ್ಸೆಯ ಗಾಯ ಇರುತ್ತದೆ, ಭಾರವೂ ಬಿಡುವಿಲ್ಲದೆ ಬೀಳುತ್ತದೆ. ಅದರ ಜೀನ್ ಪಟ್ಟಿಯನ್ನು ತಂದು ಸುಮ್ನೆ ಮನುಷ್ಯರಿಗೆ ಅಂಟಿಸಬಾರದು. ಹಾಗೇ ಮರುದಿನ ಮೆಟ್ಟಿಲು ಇಳಿಯಲಾಗದಷ್ಟು ನೋವು ಬಂದರೆ ಸ್ನಾಯು ಜಾಸ್ತಿ ಬೆಳೆಯಿತು ಎಂದುಕೊಳ್ಳಬೇಡಿ.

ಬೆಳೆಯುವುದರ ಜೊತೆಗೆ ಎಳೆಗಳ ಜಾತಿಯೂ ಸ್ವಲ್ಪ ಬದಲಾಗುತ್ತದೆ. ಎಳೆಯನ್ನು ಸಂಕುಚಿಸುವ ಮಯೋಸಿನ್ ಎಂಬ ಪ್ರೋಟೀನ್‌ಗೆ ಹಲವು ಜೀನ್‌ಗಳಿವೆ. ಅತಿ ವೇಗವಾಗಿ ಸಂಕುಚಿಸಿ ಬೇಗ ಸುಸ್ತಾಗುವ 2-ಎಕ್ಸ್ ಬಗೆಯನ್ನು ಭಾರದ ವ್ಯಾಯಾಮ ಕಡಿಮೆ ಮಾಡಿ, ಸ್ವಲ್ಪ ಹೆಚ್ಚು ತಾಳಿಕೆಯ 2-ಎ ಬಗೆಯನ್ನು ಹೆಚ್ಚಿಸುತ್ತದೆ. ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಮೂರು ತಿಂಗಳ ವ್ಯಾಯಾಮದಿಂದ 2-ಎಕ್ಸ್‌ನ ಪಾಲು ಸುಮಾರು 9%ರಿಂದ 2%ಕ್ಕೆ ಇಳಿಯಿತು. ನಂತರ ಮೂರು ತಿಂಗಳು ಬಿಟ್ಟಾಗ 17%ಕ್ಕೆ ಏರಿತು, ಮೊದಲು ಇದ್ದದ್ದಕ್ಕಿಂತ ಹೆಚ್ಚು. ನಿಮ್ಮ ನಾಲ್ಕು ತಿಂಗಳಲ್ಲೂ ಇಂಥದ್ದೇ ಆಗಿರುವ ಸಾಧ್ಯತೆ ಇದೆ. ಅದರಿಂದ ತೊಂದರೆ ಏನಿಲ್ಲ, ಮತ್ತೆ ಶುರು ಮಾಡಿದರೆ ಮತ್ತೆ ಇಳಿಯುತ್ತದೆ.

ಹಾಗಾದರೆ ಗಳಿಸಿದ್ದೆಲ್ಲ ಹೋಯಿತಾ? ಗಾತ್ರ ಸ್ವಲ್ಪ ಹೋಗಿದೆ. ಎಲ್ಲವೂ ಹೋಗಿಲ್ಲ ಎನ್ನಲು ಎರಡು ಕಾರಣಗಳಿವೆ.

ಮೊದಲನೆಯದು ನ್ಯೂಕ್ಲಿಯಸ್‌ಗಳ ಸಂಖ್ಯೆ. ಸ್ನಾಯುವಿನ ಒಂದೊಂದು ಎಳೆಯಲ್ಲೂ ನೂರಾರು, ಸಾವಿರಾರು ನ್ಯೂಕ್ಲಿಯಸ್‌ಗಳಿರುತ್ತವೆ. ಎಳೆ ದಪ್ಪವಾಗುವಾಗ ಇನ್ನಷ್ಟು ಸೇರಿಕೊಳ್ಳುತ್ತವೆ. ಅವನ್ನು ಕೊಡುವುದು ಸ್ಯಾಟಲೈಟ್ ಜೀವಕೋಶಗಳು. ಎಳೆಯ ಅಂಚಿಗೆ ಅಂಟಿಕೊಂಡು ಸುಮ್ಮನೆ ಕುಳಿತಿರುವ ಈ ಪುಟ್ಟ ಜೀವಕೋಶಗಳನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೋ ಕಪ್ಪೆಯ ಸ್ನಾಯುವಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗುರುತಿಸಿದರು. ಭಾರ ಬಿದ್ದಾಗ ಇವು ಎಚ್ಚೆತ್ತು, ಇಬ್ಭಾಗವಾಗಿ, ಎಳೆಯೊಳಗೆ ಬೆರೆಯುತ್ತವೆ. 2010ರಲ್ಲಿ ಓಸ್ಲೋದ ತಂಡ ಜೀವಂತ ಇಲಿಗಳ ಸ್ನಾಯುವಿನಲ್ಲಿ ನ್ಯೂಕ್ಲಿಯಸ್‌ಗಳನ್ನು ಎಣಿಸಿತು. ಎಳೆ ದಪ್ಪವಾಗುವುದಕ್ಕೂ ಮೊದಲೇ ಹೊಸ ನ್ಯೂಕ್ಲಿಯಸ್‌ಗಳು ಬಂದು ಸೇರಿದ್ದವು. ಆಮೇಲೆ ನರ ಕತ್ತರಿಸಿ ಸ್ನಾಯು ಸೊರಗುವಂತೆ ಮಾಡಿದರೂ ಅವು ಕಳೆದುಹೋಗಲಿಲ್ಲ. ಇವಿಲ್ಲದೆ ಬೆಳವಣಿಗೆಯೇ ಆಗದು ಎಂದು ಮಾತ್ರ ಹೇಳುವ ಹಾಗಿಲ್ಲ. 2011ರಲ್ಲಿ ಸ್ಯಾಟಲೈಟ್ ಜೀವಕೋಶಗಳನ್ನು ಬಹುತೇಕ ಅಳಿಸಿದ ಇಲಿಗಳಲ್ಲೂ ಎರಡು ವಾರದ ಓವರ್‌ಲೋಡ್‌ಗೆ ಸ್ನಾಯು ಬೆಳೆಯಿತು. ಅದೇ ಓವರ್‌ಲೋಡ್ ಹೆಚ್ಚು ದಿನ ಮುಂದುವರಿದಾಗ ಬೆಳವಣಿಗೆ ಕುಂಟಿತು, ಎಳೆಗಳ ನಡುವೆ ನಾರು ತುಂಬಿಕೊಂಡಿತು.

ಎರಡನೆಯದು ಡಿಎನ್‌ಎಯ ಮೇಲೆ ಇರುವ ಗುರುತುಗಳು. ನಿಮ್ಮ ಟ್ರೈನರ್ ಹೇಳಿದ್ದು ಸತ್ಯಕ್ಕೆ ತುಂಬ ಹತ್ತಿರ ಬರುವುದು ಇಲ್ಲಿ. ಡಿಎನ್‌ಎಯ ಅಕ್ಷರ ಬದಲಾಗದೆಯೇ ಅದರ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಬಹುದು, ಬಿಡಬಹುದು. ಸಾಮಾನ್ಯವಾಗಿ, ಜೀನ್ ಓದಲು ಶುರುವಾಗುವ ಜಾಗದಲ್ಲಿ ಅದು ಬಿಟ್ಟರೆ ಓದುವುದು ಸುಲಭವಾಗುತ್ತದೆ. ಬ್ರಿಟನ್‌ನ ಒಂದು ತಂಡ 2018ರಲ್ಲಿ ಎಂಟು ಯುವಕರ ಮೇಲೆ ಮಾಡಿದ ಅಧ್ಯಯನ ನಿಮ್ಮ ಕಥೆಯೇ. 7 ವಾರ ವ್ಯಾಯಾಮ, 7 ವಾರ ಬಿಡುವು, ಮತ್ತೆ 7 ವಾರ ವ್ಯಾಯಾಮ. ಡಿಎನ್‌ಎಯ ಸುಮಾರು 8.5 ಲಕ್ಷ ಜಾಗಗಳನ್ನು ಪರೀಕ್ಷಿಸಿದರು. ಎರಡನೇ ಸಲ ಶುರು ಮಾಡಿದಾಗ ಮೀಥೈಲ್ ಬಿಟ್ಟ ಜಾಗಗಳು ಮೊದಲ ಸಲದ ಸುಮಾರು ಎರಡರಷ್ಟು ಇದ್ದವು. ಕೆಲವು ಜೀನ್‌ಗಳಲ್ಲಿ ಮೊದಲ ಸಲ ಆದ ಬದಲಾವಣೆ ಬಿಡುವಿನ ಏಳು ವಾರವೂ ಹಾಗೇ ಉಳಿದಿತ್ತು. ಸ್ನಾಯುವೂ ಎರಡನೇ ಸಲ ಹೆಚ್ಚು ಬೆಳೆಯಿತು. ಎಂಟೇ ಜನರ ಅಧ್ಯಯನ ಎನ್ನುವುದು ನೆನಪಿರಲಿ. ಆದರೂ ಒಮ್ಮೆ ಗಳಿಸಿದವರು ಬೇಗ ಮರಳಿ ಪಡೆಯುತ್ತಾರೆ ಎಂಬ ಜಿಮ್‌ನವರ ಹಳೆಯ ಅನುಭವಕ್ಕೆ ಇದು ಹೊಂದುತ್ತದೆ. ನೀವು ಹಳೆಯ ಭಾರದ ಅರ್ಧದಿಂದ ಶುರು ಮಾಡಿ. ಸ್ನಾಯು ಬೇಗ ಮರಳುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು ಮಾತ್ರ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಪೆಟ್ಟಾಗುವುದು ಸಾಮಾನ್ಯವಾಗಿ ಅಲ್ಲೇ.

ಇನ್ನು ನಿಮ್ಮ ಅಮ್ಮನ ವಿಷಯ. ಬೆಳೆಯುತ್ತದೆ. ಇದರಲ್ಲಿ ಅನುಮಾನ ಬೇಡ. 1990ರಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಸುಮಾರು 90 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದವರ ಬಲ ಸರಾಸರಿ 174% ಹೆಚ್ಚಿತು. ತೊಡೆಯ ಸ್ನಾಯು ಸುಮಾರು 9% ದಪ್ಪವಾಯಿತು. ಜೀನ್ ಮಟ್ಟದಲ್ಲೂ ಸಾಕ್ಷಿ ಇದೆ. 2007ರಲ್ಲಿ ಯುವಕರ ಮತ್ತು ವಯಸ್ಸಾದವರ ಸ್ನಾಯುವನ್ನು ಹೋಲಿಸಿದಾಗ ಸುಮಾರು 600 ಜೀನ್‌ಗಳ ಬಳಕೆಯಲ್ಲಿ ವ್ಯತ್ಯಾಸ ಕಂಡಿತು. ಅದರಲ್ಲೂ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾಗೆ ಸೇರಿದವು ವಯಸ್ಸಾದವರಲ್ಲಿ ಕುಗ್ಗಿದ್ದವು. ಆರು ತಿಂಗಳ ಭಾರದ ವ್ಯಾಯಾಮದ ನಂತರ ಅವುಗಳಲ್ಲಿ ಬಹಳಷ್ಟು ಯುವಕರ ಮಟ್ಟದ ಕಡೆ ವಾಪಸ್ ಬಂದವು. ಯುವಕರಿಗಿಂತ 59% ಕಡಿಮೆ ಇದ್ದ ಅವರ ಬಲದ ಅಂತರ 38%ಕ್ಕೆ ಇಳಿಯಿತು.

ವಯಸ್ಸಾದ ಸ್ನಾಯು ಪ್ರೋಟೀನ್ ಊಟಕ್ಕೆ ಸ್ವಲ್ಪ ಮಂದವಾಗಿ ಸ್ಪಂದಿಸುತ್ತದೆ. ಯುವಕರಿಗೆ ಒಂದು ಹೊತ್ತಿಗೆ ದೇಹದ ಪ್ರತಿ ಕಿಲೋಗೆ 0.24 ಗ್ರಾಂ ಪ್ರೋಟೀನ್ ಸಾಕಾದರೆ, ವಯಸ್ಸಾದವರಿಗೆ ಸುಮಾರು 0.4 ಗ್ರಾಂ ಬೇಕಾಗುತ್ತದೆ. ಅಮ್ಮ 60 ಕೆ.ಜಿ. ಇದ್ದರೆ ಹೊತ್ತಿಗೆ ಸುಮಾರು 24 ಗ್ರಾಂ. ಬರೀ ಅನ್ನ ತಿಳಿಸಾರಿನಿಂದ ಅಷ್ಟು ಸಿಗುವುದಿಲ್ಲ. ಕಟ್ಟಿ ಬೇಳೆ, ಕಾಳಿನ ಪಲ್ಯ, ಮೊಸರು, ಸೋಯಾ, ತಿನ್ನುವವರಾದರೆ ಮೊಟ್ಟೆ ಮೀನು ಸೇರಬೇಕು. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಶುರು ಮಾಡುವುದು ಕುರ್ಚಿಯಿಂದ ಕೈ ಊರದೆ ಏಳುವುದರಿಂದಲೇ ಆಗಲಿ. ಗೋಡೆಗೆ ಕೈ ಒತ್ತಿ ತಳ್ಳುವುದು, ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ರಬ್ಬರ್ ಬ್ಯಾಂಡ್ ಎಳೆಯುವುದು. ವಾರಕ್ಕೆ ಎರಡು ಅಥವಾ ಮೂರು ದಿನ. ಇನ್ನು ಎರಡು ಮೂರು ಸಲ ಮಾತ್ರ ಆದೀತು ಎನ್ನುವ ಹಂತಕ್ಕೆ ಬಂದಾಗ ನಿಲ್ಲಿಸಲಿ. ಎರಡು ವಾರ ಕಳೆದು ಅದು ಸುಲಭ ಅನಿಸಿದರೆ ಭಾರ ಹೆಚ್ಚಿಸಲಿ, ಇಲ್ಲವೇ ಕುರ್ಚಿಯ ಎತ್ತರ ತಗ್ಗಿಸಲಿ. ಉಸಿರು ಕಟ್ಟಿ ಎತ್ತಬಾರದು, ಬಿಪಿ ಒಮ್ಮೆಲೇ ಏರುತ್ತದೆ. ಎದ್ದೇಳುವಾಗ ಉಸಿರು ಬಿಡಲಿ. ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮಂಡಿ ನೋವಿದ್ದರೆ ಫಿಸಿಯೋಥೆರಪಿಸ್ಟ್ ಒಬ್ಬರ ಕೈಲಿ ಮೊದಲ ಕೆಲವು ಸಲ ಹೇಳಿಸಿಕೊಂಡು ಮಾಡಲಿ.